ಪಾವಟೆಯವರು ಓದಿದ ಕಾಲೇಜಿನಲ್ಲಿ ಒಂದು ದಿನ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವವರೆಲ್ಲರೂ ವಿಳಾಸದಲ್ಲಿ ‘ಪಾವಟೆ ನಗರ’ ಎಂದು ಬರೆಯುತ್ತಾರೆ. ಆ ಹೆಸರಿನ ಹಿರಿಯರು ಯಾರು, ಅವರು ಓದಿದ್ದು ಎಲ್ಲಿ ಎಂಬುದನ್ನು ಬಲ್ಲವರು ಇಂದಿನ ತರುಣರಲ್ಲಿ ವಿರಳ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ೧೮೯೯ರಲ್ಲಿ ಜನಿಸಿದ ಡಿ. ಸಿ. ಪಾವಟೆಯವರು ೧೯೫೪ರಿಂದ ೧೯೬೭ರವರೆಗೆ ಆ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದು, ಗುಡ್ಡದ ಮೇಲಿನ ಬರಿಯ ಬಯಲನ್ನು ವಿದ್ಯಾಕ್ಷೇತ್ರವನ್ನಾಗಿ ಮಾಡಿದವರು. ಆನಂತರ ೧೯೭೩ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದವರು. ಅದಕ್ಕೂ ಮೊದಲು, ೧೯೨೦ರ ದಶಕದಲ್ಲಿ, ಈ ಗ್ರಾಮೀಣ ತರುಣ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಗಣಿತವನ್ನು ಓದಿ ‘ರ್‍ಯಾಂಗ್ಲರ್’ ಎನಿಸಿಕೊಂಡು ಬಂದರು. ಅವರು ಓದಿದ್ದು ಸಿಡ್ನಿ ಸಸೆಕ್ಸ್ ಎಂಬ ಕಾಲೇಜಿನಲ್ಲಿ.

ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ಲಂಡನ್ನಿನ ಶರಣಬಂಧುಗಳು ಏರ್ಪಡಿಸಿದ ವಚನಚಿಂತನಕ್ಕೆಂದು ಅಲ್ಲಿಗೆ ಹೋಗುವ ಯೋಗ ನಮಗೆ ಒದಗಿತು. ಲಂಡನ್ನಿಗೆ ಹೋದ ನಮ್ಮವರೆಲ್ಲರೂ ಥೇಮ್ಸ್ ನದಿಯ ದಂಡೆಯ ಮೇಲೆ, ಅಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವಣ್ಣನವರ ಮೂರ್ತಿಯ ದರ್ಶನ ಪಡೆಯುವುದು ವಾಡಿಕೆ. ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದ ಫಲವದು. ನಾವೂ ಹೋಗಿ ನಮಿಸಿದೆವು. ಅದಾದ ಬಳಿಕ ಬಂಧುಗಳು ಅರಮನೆ, ಗಡಿಯಾರದ ಗೋಪುರಗಳನ್ನು ತೋರಿಸುವ ಉತ್ಸಾಹದಲ್ಲಿದ್ದರು. ಅವನ್ನು ಚಿತ್ರಗಳಲ್ಲಿ ನೋಡಿದ್ದೇವೆ, ಒಂದು ದಿನ ಬಿಡುವು ಕೊಡುವುದಾದರೆ ಪಾವಟೆಯವರ ಕಾಲೇಜನ್ನು ತೋರಿಸಿರಿ ಎಂದು ನಾವು ಕೇಳಿಕೊಂಡೆವು.

ಲಂಡನ್ನಿನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ಅಲ್ಲಿಯೇ ಸಂಶೋಧನೆ ಮಾಡುತ್ತಿರುವ ಗದಗ ಸೀಮೆಯ ಒಬ್ಬ ತಂಗಿ ನಿಲ್ದಾಣಕ್ಕೆ ಬಂದು ನಮ್ಮನ್ನು ಎದುರುಗೊಂಡಳು. ತಂದೆ ಒಕ್ಕಲಿಗ, ನಾಲ್ಕೆಕರೆಯ ಒಡೆಯ. ಹೈಸ್ಕೂಲಿನಿಂದ ಪದವಿಯವರೆಗೆ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದ ಹುಡುಗಿ. ನಮ್ಮ ಕಾಲು ಮುಟ್ಟಿ ನಮಸ್ಕರಿಸಿ, “ಅಜ್ಜಾರ, ನಿಮ್ಮ ಲೇಖನ ನಮ್ಮಪ್ಪ ಓದಿ ಹೇಳ್ತಿದ್ರರಿ” ಎಂದಳು. ಈ ಪತ್ರಿಕೆ ಆ ಹಳ್ಳಿಯ ಮನೆಯವರೆಗೆ ಹೋಗುತ್ತಿದ್ದುದನ್ನು ಕೇಳಿ ನಮಗೆ ಆದ ಸಂತೋಷವನ್ನು ಸಂಪಾದಕರೂ ಹಂಚಿಕೊಳ್ಳಲಿ.

ಕೇಂಬ್ರಿಜ್‌ನಲ್ಲಿ ವಿಶ್ವವಿದ್ಯಾಲಯವೇ ಬೇರೆ, ಕಾಲೇಜೇ ಬೇರೆ. ನಮ್ಮಲ್ಲಿಯಂತೆ ವಿಶ್ವವಿದ್ಯಾಲಯಕ್ಕೆ ‘ಸಂಲಗ್ನ’ಗೊಂಡ ಕಾಲೇಜುಗಳೆಂದು ತಿಳಿದರೆ ತಪ್ಪಾಗುತ್ತದೆ. ಅಲ್ಲಿ ಮೂವತ್ತೊಂದು ಕಾಲೇಜುಗಳಿವೆ. ಪಠ್ಯವನ್ನು ಗೊತ್ತುಪಡಿಸಿ, ಉಪನ್ಯಾಸ ನಡೆಸಿ, ಪರೀಕ್ಷೆ ಮಾಡಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಪದವಿ ತರಗತಿಯ ವಿದ್ಯಾರ್ಥಿಯನ್ನು ಆರಿಸಿಕೊಂಡು, ಇರಲು ಕೋಣೆ ಕೊಟ್ಟು, ಊಟಕ್ಕಿಟ್ಟು, ಅವನ ಓದನ್ನು ಹತ್ತಿರದಿಂದ ನೋಡಿಕೊಳ್ಳುವುದು ಕಾಲೇಜಿನ ಕೆಲಸ. ಒಬ್ಬ ಅಧ್ಯಾಪಕರ ಎದುರು ಒಬ್ಬರೋ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಕುಳಿತು, ವಾರದಲ್ಲಿ ಬರೆದುದನ್ನು ಒಪ್ಪಿಸಿ ತಿದ್ದಿಸಿಕೊಳ್ಳುವ ಪದ್ಧತಿ ಅಲ್ಲಿ ಇಂದಿಗೂ ಇದೆ. ಮಠದ ಪಾಠಶಾಲೆಯಲ್ಲಿ ಗುರುಗಳ ಎದುರು ಕುಳಿತು ವ್ಯಾಕರಣ ಒಪ್ಪಿಸಿ, ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ, ರಾತ್ರಿ ಅದೇ ಪಡಸಾಲೆಯಲ್ಲಿ ಮಲಗಿ ಬೆಳೆದ ನಮಗೆ ಇದನ್ನು ತಿಳಿಯಲು ಶ್ರಮವಾಗಲಿಲ್ಲ. ನಮ್ಮ ಇಂದಿನ ಕಾಲೇಜುಗಳಲ್ಲಿ ನೂರಾರು ಮಕ್ಕಳಿಗೆ ಒಬ್ಬರೇ ಧ್ವನಿವರ್ಧಕದಲ್ಲಿ ಪಾಠ ಹೇಳುವುದನ್ನು ಕಂಡವರಿಗೆ ಮಾತ್ರ ಅದು ವಿಚಿತ್ರವೆನಿಸೀತು.

ಸಿಡ್ನಿ ಬೀದಿಯೆಂಬ ಪೇಟೆಯ ಬೀದಿಯಲ್ಲಿ, ಕಿರಾಣಿ ಸಾಮಾನಿನ ದೊಡ್ಡ ಅಂಗಡಿಯೊಂದರ ಎದುರಿಗೆ, ಕಾಲೇಜಿನ ಬಾಗಿಲು. ದ್ವಾರಪಾಲಕರ ಕೋಣೆಯಲ್ಲಿ ಹೇಳಿಕೊಂಡು ಒಳಗೆ ಹೋದರೆ ಪೇಟೆಯ ಸಪ್ಪಳ ಥಟ್ಟನೆ ನಿಲ್ಲುತ್ತದೆ. ಸುತ್ತ ಕಟ್ಟಡ, ನಡುವೆ ಹುಲ್ಲಿನ ಅಂಗಳ. ಆ ಹುಲ್ಲನ್ನು ತುಳಿಯುವ ಅಧಿಕಾರ ಕಾಲೇಜಿನ ಹಿರಿಯ ವಿದ್ವಾಂಸರಿಗೆ ಮಾತ್ರ. ವಿದ್ಯಾರ್ಥಿಗಳೂ ಅತಿಥಿಗಳೂ ಸುತ್ತುಬಳಸಿ ಕಲ್ಲುಹಾಸಿನ ಮೇಲೆ ನಡೆಯಬೇಕು. ಗೋಡೆಗಳು ಮೂಲತಃ ಕೆಂಪು ಇಟ್ಟಿಗೆಯವು. ಹತ್ತೊಂಬತ್ತನೆಯ ಶತಮಾನದಲ್ಲಿ ವಯಟ್‌ವಿಲ್ ಎಂಬ ಶಿಲ್ಪಿ ಅವುಗಳ ಮೇಲೆ ಗಾರೆ ಬಳಿಸಿ ಕಲ್ಲಿನ ಕೋಟೆಯ ಸೋಗು ಹಾಕಿಸಿದ. ಹಳೆಯ ಗುಡಿಯ ಕರಿಕಲ್ಲಿಗೆ ಎಣ್ಣೆಬಣ್ಣ ಬಳಿಯುವವರು ನಮ್ಮಲ್ಲಿ ಮಾತ್ರ ಇದ್ದಾರೆಂದು ತಿಳಿದಿದ್ದೆವು.

ರ್‍ಯಾಂಗ್ಲರ್ ಎಂದರೇನೆಂದು ಓದುಗರು ಕೇಳಬಹುದು. ಕೇಂಬ್ರಿಜ್‌ನ ಗಣಿತದ ಪದವಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರನ್ನು ಹಾಗೆ ಕರೆಯುತ್ತಾರೆ. ೧೯೦೯ರವರೆಗೆ ಅವರ ಹೆಸರುಗಳನ್ನು ಗುಣಾನುಕ್ರಮದಲ್ಲಿ ಪ್ರಕಟಿಸುತ್ತಿದ್ದರು. ಮೊದಲಿಗನು ‘ಸೀನಿಯರ್ ರ್‍ಯಾಂಗ್ಲರ್’. ಪುಣೆಯ ರ. ಪು. ಪರಾಂಜಪೆಯವರು ಆ ಸ್ಥಾನ ಪಡೆದದ್ದು ೧೮೯೯ರಲ್ಲಿ. ಮಮದಾಪುರದಲ್ಲಿ ಪಾವಟೆಯವರು ಕಣ್ಣು ತೆರೆದದ್ದೂ ಅದೇ ವರ್ಷ. ಮೋಡವನ್ನು ಪಾತ್ರೆಯಲ್ಲಿ ಹಿಡಿದು ಅಣುವಿನ ಹಾದಿಯನ್ನು ಕಣ್ಣಿಗೆ ಕಾಣಿಸಿಕೊಟ್ಟು ೧೯೨೭ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಿ. ಟಿ. ಆರ್. ವಿಲ್ಸನ್ ಈ ಕಾಲೇಜಿನವರು. ಅಂಥವರು ಓಡಾಡುತ್ತಿದ್ದ ಅಂಗಳದಲ್ಲಿ ಗೋಕಾಕ ಸೀಮೆಯ ತರುಣನೊಬ್ಬ, ಚಳಿಗೆ ಕೈಯುಜ್ಜಿಕೊಳ್ಳುತ್ತ, ಲೆಕ್ಕ ಬಿಡಿಸುತ್ತ ಓಡಾಡಿದ್ದನ್ನು ನೆನೆದು ನಾವು ಸ್ವಲ್ಪ ಹೊತ್ತು ಮೌನವಾಗಿ ನಿಂತೆವು.

ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ರೂಢಿಯಂತೆ ನಾವು ಪಾದರಕ್ಷೆ ಕಳೆಯತೊಡಗಿದೆವು. “ಬ್ಯಾಡ್ರಿ ಅಜ್ಜಾರ, ಇಲ್ಲಿ ಹಂಗ ಹೋಗ್ತಾರ್ರೀ, ಕಾಲಿಗೆ ಥಂಡಿ ಹತ್ತತೈತಿ” ಎಂದಳು ತಂಗಿ. ನಮಗೆ ಮನಸ್ಸೊಪ್ಪಲಿಲ್ಲ, ಥಂಡಿ ಹತ್ತಿದ್ದೂ ನಿಜ. ಒಳಹೋಗುವಲ್ಲಿಯೇ ಗೋಡೆಯ ಮೇಲೆ ಒಂದು ಫಲಕವಿದೆ. ಆಲಿವರ್ ಕ್ರಾಮ್‌ವೆಲ್ಲನ ಶಿರಸ್ಸನ್ನು ೧೯೬೦ರ ಮಾರ್ಚ್ ೨೫ರಂದು ಇದರ ಸಮೀಪದಲ್ಲಿ ಹೂಳಲಾಯಿತೆಂದು ಅದು ತಿಳಿಸುತ್ತದೆ. ಖಚಿತವಾಗಿ ಎಲ್ಲಿ ಎಂಬುದನ್ನು ಕಾಲೇಜು ಗುಟ್ಟಾಗಿ ಇಟ್ಟಿದೆ. ಕ್ರಾಮ್‌ವೆಲ್ ೧೬೧೬ರಲ್ಲಿ ಇಲ್ಲಿಗೆ ಓದಲು ಬಂದು, ಮರುವರ್ಷ ತಂದೆ ತೀರಿಕೊಂಡದ್ದರಿಂದ ಪದವಿಯಿಲ್ಲದೆ ಮನೆಗೆ ಮರಳಿದವನು. ಮುಂದೆ ಅವನ ಪಕ್ಷದವರು ೧೬೪೯ರಲ್ಲಿ ದೊರೆ ಒಂದನೆಯ ಚಾರ್ಲ್ಸನಿಗೆ ಶಿರಚ್ಛೇದ ವಿಧಿಸಿದರು. ಅರಸೊತ್ತಿಗೆ ಮರಳಿ ಬಂದಾಗ, ೧೬೬೧ರಲ್ಲಿ, ಸತ್ತು ಎರಡು ವರ್ಷ ಮೀರಿದ್ದ ಕ್ರಾಮ್‌ವೆಲ್ಲನ ಹೆಣವನ್ನು ಗೋರಿಯಿಂದ ತೆಗೆದು ನೇಣಿಗೆ ಹಾಕಿ, ತಲೆಯನ್ನು ಕಡಿದು ಕಂಬಕ್ಕೆ ಚುಚ್ಚಿದರು. ಆ ತಲೆ ಕೈಯಿಂದ ಕೈಗೆ ಮಾರಾಟವಾಗುತ್ತ ಮುನ್ನೂರು ವರ್ಷ ಅಲೆದು ಕೊನೆಗೆ ಓದು ಅರ್ಧಕ್ಕೆ ನಿಲ್ಲಿಸಿದ ಕಾಲೇಜಿಗೇ ಬಂದು ಸೇರಿತು. ಅವನ ಪ್ರತಿಮೆ ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ನಿಂತಿದೆ. ಬಸವಣ್ಣನವರ ಮೂರ್ತಿ ನದಿಯ ಇನ್ನೊಂದು ದಡದಲ್ಲಿದೆ. ರಾಜಸತ್ತೆಯೊಡನೆ ಸಂಘರ್ಷ ಇಬ್ಬರಿಗೂ ಬಂದಿತ್ತಾದರೂ ಒಬ್ಬನು ಖಡ್ಗವನ್ನು ನಂಬಿದವನು. ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಲೇಸು.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕ್ರಾಮ್‌ವೆಲ್ಲನಲ್ಲ, ಈ ಕಾಲೇಜನ್ನು ಹುಟ್ಟಿಸಿದ ತಾಯಿ. ಲೇಡಿ ಫ್ರಾನ್ಸಿಸ್ ಸಿಡ್ನಿ, ಸಸೆಕ್ಸ್ ಪ್ರಾಂತದ ಅರ್ಲ್‌ನ ವಿಧವೆ, ಮಕ್ಕಳಿಲ್ಲದವಳು. ಕವಿ ಫಿಲಿಪ್ ಸಿಡ್ನಿಗೆ ಆಕೆ ಸೋದರತ್ತೆ. ೧೫೮೯ರಲ್ಲಿ ತೀರಿಕೊಳ್ಳುವಾಗ ಐದು ಸಾವಿರ ಪೌಂಡುಗಳನ್ನೂ ಕೆಲವು ಒಡವೆ ವಸ್ತುಗಳನ್ನೂ ಕೇಂಬ್ರಿಜ್‌ನಲ್ಲಿ ಒಂದು ಹೊಸ ಕಾಲೇಜು ಕಟ್ಟಲೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದಳು. ಕಾಲೇಜು ಎದ್ದದ್ದು ೧೫೯೬ರಲ್ಲಿ. ನಡುವಿನ ಏಳು ವರ್ಷಗಳ ಕಥೆಯೇ ನಮಗೆ ಮುಖ್ಯವಾದದ್ದು.

ಆ ಹಣ ಸಾಲದು. ನಿವೇಶನ ಟ್ರಿನಿಟಿ ಎಂಬ ದೊಡ್ಡ ಕಾಲೇಜಿನ ಕೈಯಲ್ಲಿತ್ತು; ಅದು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠವಿದ್ದ ಸ್ಥಳ. ಎಂಟನೆಯ ಹೆನ್ರಿ ದೊರೆ ೧೫೩೮ರಲ್ಲಿ ಆ ಮಠವನ್ನು ಮುಚ್ಚಿಸಿದ ಮೇಲೆ ಅದರ ಕಲ್ಲುಗಳನ್ನು ಟ್ರಿನಿಟಿಯ ಕಟ್ಟಡಕ್ಕೆ ಸಾಗಿಸಲಾಗಿತ್ತು. (ಅಲ್ಲಿ ಮಠ ಕೆಡವಿದ ಜಾಗದಲ್ಲಿ ಕಾಲೇಜು ಬಂದಿತು, ನಮ್ಮ ನಾಡಿನಲ್ಲಿ ಮಠಗಳೇ ಕಾಲೇಜು ಕಟ್ಟಿದವು. ಈ ವ್ಯತ್ಯಾಸವನ್ನು ಬರೆಯುವಾಗ ಮಠದ ಅನ್ನ ಉಂಡ ನಮಗೆ ಸ್ವಲ್ಪ ಅಭಿಮಾನವಾದರೆ ಓದುಗರು ಕ್ಷಮಿಸಬೇಕು.) ಆ ನಿವೇಶನ ಸುಲಭವಾಗಿ ಸಿಗಲಿಲ್ಲ. ಆದರೂ ಕೆಲಸ ಕೈಗೂಡಿತು. ಏಕೆಂದರೆ ಆಕೆ ತಕ್ಕವರನ್ನು ಆರಿಸಿದ್ದಳು. ಮೃತ್ಯುಪತ್ರವನ್ನು ನಡೆಯಿಸುವ ಹೊಣೆಯನ್ನು ಕೆಂಟ್‌ನ ಅರ್ಲ್ ಹೆನ್ರಿ ಗ್ರೇ ಹಾಗೂ ತನ್ನ ಸಹೋದರಿಯ ಮಗ ಸರ್ ಜಾನ್ ಹ್ಯಾರಿಂಗ್ಟನ್ ಇವರಿಗೆ ಒಪ್ಪಿಸಿ, ಅವರ ಮೇಲೆ ಕಣ್ಣಿಡಲು ಆರ್ಚ್‌ಬಿಷಪ್ ವಿಟ್‌ಗಿಫ್ಟ್‌ನನ್ನು ಕೇಳಿಕೊಂಡಿದ್ದಳು. ಇನ್ನೊಂದು ಜಾಣ್ಮೆಯನ್ನೂ ಮಾಡಿದ್ದಳು: ಹೊಸ ಕಾಲೇಜಿಗೆ ಹಣ ಸಾಲದೆ ಹೋದರೆ ಅದು ಸಂಬಂಧಿಕರಿಗೆ ಮರಳಬಾರದು, ಕ್ಲೇರ್ ಎಂಬ ಹಳೆಯ ವಿದ್ಯಾಲಯವನ್ನು ಬೆಳೆಸಲು ಹೋಗಬೇಕು ಎಂದು. ಅಂದರೆ ಉದ್ದೇಶವನ್ನು ಬಿಗಿಯಾಗಿಟ್ಟು ಮಾರ್ಗವನ್ನು ಸಡಿಲವಾಗಿಟ್ಟಳು.

ಹೀಗೆ ಹುಟ್ಟಿದ ಕಾಲೇಜು ಬೇಗನೆ ಉದಾರವಾಯಿತು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನವರನ್ನೂ ವಿದ್ವಾಂಸರ ಪಂಕ್ತಿಗೆ ಸೇರಿಸಿಕೊಳ್ಳಲು ಅದರ ನಿಬಂಧನೆಗಳು ಒಪ್ಪಿದವು. ಆದರೆ ಹೆಂಗಸರನ್ನು ಸೇರಿಸಿಕೊಳ್ಳಲು? ಒಬ್ಬ ಹೆಂಗಸು ತನ್ನ ಸಂಪತ್ತಿನಿಂದ ಕಟ್ಟಿದ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಓದಲು ಪ್ರವೇಶ ಸಿಕ್ಕಿದ್ದು ೧೯೭೬ರಲ್ಲಿ! ಮುನ್ನೂರ ಎಂಬತ್ತು ವರ್ಷ ಬೇಕಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪೂರ್ಣ ಪದವಿ ಕೊಟ್ಟಿದ್ದೇ ೧೯೪೮ರಲ್ಲಿ. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿಯವರನ್ನು ಅನುಭವ ಮಂಟಪದಲ್ಲಿ ಕೂಡ್ರಿಸಿದವರು ನಾವು ಎಂದು ಹೇಳಿ ಹೆಮ್ಮೆಪಡಲು ನಮ್ಮ ನಾಲಿಗೆ ಸಿದ್ಧವಾಗಿತ್ತು. ಅಷ್ಟರಲ್ಲಿ ಜೊತೆಗಿದ್ದ ತಂಗಿ, “ಖರೇ ಅಜ್ಜಾರ, ಆದ್ರ ನಮ್ಮ ತಾಲೂಕಿನ್ಯಾಗ ಗಂಡು ಹುಡುಗರಿಗೆ ಹಾಸ್ಟೆಲ್ ಆಗಿ ಎಷ್ಟೋ ವರ್ಷ ಆದಮ್ಯಾಲೆ ನಮಗ ಆತರಿ. ನಮ್ಮಕ್ಕಗ ಸಿಗಲಿಲ್ಲ, ಹತ್ತನೇತ್ತಕ್ಕ ಬಿಡಿಸಿದ್ರು” ಎಂದಳು. ಅವಳ ಅಕ್ಕ ಈಗ ನವಲಗುಂದ ಕಡೆಯ ಒಂದು ಹಳ್ಳಿಯಲ್ಲಿ ಹೊಲ ಮನೆ ನೋಡಿಕೊಂಡಿದ್ದಾಳಂತೆ. ಲೆಕ್ಕದಲ್ಲಿ ತನಗಿಂತ ಚುರುಕಾಗಿದ್ದಳಂತೆ.

ಕಾಲೇಜಿನ ಬಳಗದ ಒಂದು ಸಂಗತಿಯನ್ನು ನಮ್ಮ ಓದುಗರಿಗೆ ತಿಳಿಸಲೇಬೇಕು. ಪಾವಟೆಯವರ ಹೆಸರಿನಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಪ್ರತಿಷ್ಠಾನದ ಮೂಲಕ ಕರ್ನಾಟಕದ ತರುಣ ವಿದ್ವಾಂಸರು ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಕೆಲವು ಕಾಲವಿದ್ದು ಅಧ್ಯಯನ ಮಾಡುವ ‘ಪಾವಟೆ ಫೆಲೋಶಿಪ್’ ಏರ್ಪಟ್ಟಿದೆ. ಒಬ್ಬ ವಿದ್ಯಾರ್ಥಿ ತಾನು ಓದಿದ ಮನೆಯ ಋಣವನ್ನು ತನ್ನ ಹೆಸರಿನಿಂದ ಹೀಗೆ ತೀರಿಸಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ. ಕಲೆ, ಸಮಾಜಶಾಸ್ತ್ರಗಳನ್ನು ಓದುವ ಮಕ್ಕಳಿಗೆ ಭವಿಷ್ಯವಿಲ್ಲವೆಂದು ತೀರ್ಪು ಕೊಡುವ ತಂದೆತಾಯಿಗಳು ಇದನ್ನೊಮ್ಮೆ ವಿಚಾರಿಸಿ ನೋಡಲಿ. ಹಾಗೆಯೇ, ಅಲ್ಲಿ ಮಕ್ಕಳಿರುವ ಹಿರಿಯರು ನೋಡಲು ಹೋಗುವುದಾದರೆ, ಮೇ-ಜೂನ್ ಪರೀಕ್ಷೆಯ ಕಾಲವನ್ನು ಬಿಟ್ಟು ಹೋಗುವುದು ಒಳಿತು. ಆಗ ಅನೇಕ ಕಾಲೇಜುಗಳು ಸಂದರ್ಶಕರಿಗೆ ಬಾಗಿಲು ಮುಚ್ಚಿರುತ್ತವೆ. ಬೇರೆ ದಿನಗಳಲ್ಲಿಯೂ ಬಾಗಿಲ ಕೋಣೆಯಲ್ಲಿ ಕೇಳಿಯೇ ಒಳಗೆ ಹೋಗಬೇಕು.

ಆ ದೊರೆಸಾನಿಯ ಮೃತ್ಯುಪತ್ರದ ಬಗೆಗೆ ನಾವು ಇಷ್ಟು ಕೆದಕಿ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ತಾಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತೆರಡು ವರ್ಷದ ತಾಯಿಯೊಬ್ಬಳಿದ್ದಾಳೆ. ಗಂಡ ಲಿಂಗೈಕ್ಯರಾಗಿ ಹದಿನೈದು ವರ್ಷ, ಮಕ್ಕಳಿಲ್ಲ. ಅಣ್ಣತಮ್ಮಂದಿರ ವಾಟ್ನಿಯಾದ ಮೇಲೆ ಗಂಡನ ಪಾಲಿಗೆ ಬಂದ ಹನ್ನೊಂದು ಎಕರೆ ಎರಿ ಹೊಲ ಆಕೆಯ ಹೆಸರಿನಲ್ಲಿದೆ. ಅದು ಹೆಣ್ಣುಮಕ್ಕಳ ಪ್ರಸಾದ ನಿಲಯಕ್ಕೆ ಸಲ್ಲಬೇಕೆಂದು ಆಕೆಯ ಹಂಬಲ. ಮೈದುನನ ಮಕ್ಕಳು ಕೆಟ್ಟವರಲ್ಲ. ಆದರೆ ಹೊಲ ತಮಗೇ ಬರುತ್ತದೆಂದು ನಂಬಿ ಈಗಾಗಲೇ ಅದನ್ನು ಬಿತ್ತುತ್ತಿದ್ದಾರೆ. ನಾವು ಹೊರಡುವ ಮುನ್ನ ಆಕೆ ನಮ್ಮಲ್ಲಿಗೆ ಬಂದು, “ಅಜ್ಜಾರ, ನಾ ಹ್ವಾದ ಮ್ಯಾಲೆ ನನ್ನ ಮಾತು ಯಾರ ಕೇಳ್ತಾರ್ರೀ?” ಎಂದು ಕೇಳಿದ್ದಳು. ಪುರಾಣ ಪ್ರವಚನ ಹೇಳಿ ಅಭ್ಯಾಸವಾದ ನಮ್ಮ ಬಾಯಲ್ಲಿ ಆಗ ತಕ್ಕ ಉತ್ತರ ಬರಲಿಲ್ಲ.

ಮರಳಿ ಬಂದ ಮೇಲೆ ಒಬ್ಬ ವಕೀಲ ಮಿತ್ರರೊಡನೆ ಕುಳಿತು ವಿಚಾರಿಸಿದೆವು. ಓದುಗ ಮಾತೆಯರಲ್ಲಿ ಇಂಥ ಸ್ಥಿತಿಯವರು ಇರಬಹುದಾದ್ದರಿಂದ ಬರೆಯುತ್ತೇವೆ. ಹಿಂದೆ ವಿಧವೆಗೆ ಗಂಡನ ಆಸ್ತಿಯನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕಷ್ಟೇ ಇತ್ತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಳನ್ನು ಪೂರ್ಣ ಒಡತಿಯನ್ನಾಗಿ ಮಾಡಿತು. ಆ ಕಾಯ್ದೆ ಯಾರಿಗೆ ಅನ್ವಯಿಸುತ್ತದೆಂದು ಹೇಳುವ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಬರೆದಿದ್ದಾರೆ. ತನ್ನ ಪೂರ್ಣ ಒಡೆತನದ ಆಸ್ತಿಯನ್ನು ಯಾರಿಗಾದರೂ ಬರೆದಿಡಬಹುದು. ಅವಿಭಕ್ತ ಮನೆತನದ ಆಸ್ತಿಯಾದರೆ ತನ್ನ ಪಾಲನ್ನು ಮಾತ್ರ. ಬರೆದವರು ಇಬ್ಬರು ಸಾಕ್ಷಿಗಳ ಸಮಕ್ಷಮ ರುಜು ಅಥವಾ ಹೆಬ್ಬೆಟ್ಟು ಹಾಕಬೇಕು, ಸಾಕ್ಷಿಗಳೂ ರುಜು ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದಿನ ತಂಟೆ ಕಡಿಮೆ. ಜೀವವಿರುವವರೆಗೆ ಬೇಕೆಂದಾಗ ಬದಲಿಸಬಹುದು. ಸಾಕ್ಷಿಗಳು ತನಗಿಂತ ಚಿಕ್ಕ ವಯಸ್ಸಿನವರಾಗಿರಲಿ ಎಂಬ ವಕೀಲರ ಮಾತು ಕಾನೂನಿನದಲ್ಲ, ವ್ಯವಹಾರದ್ದು.

ನಮ್ಮ ಸಮಾಜಕ್ಕೆ ಇದು ಹೊಸದೇನಲ್ಲ. ೧೯೦೪ರಲ್ಲಿ ಧಾರವಾಡದಲ್ಲಿ ನೆರೆದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷತೆ ವಹಿಸಿದ ಸಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ನವಲಗುಂದ-ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರ ಮನೆಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ಇವೆ. ಕೆ.ಎಲ್.ಇ. ಸಂಸ್ಥೆ ೧೯೩೩ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಅವರದೇ ಹೆಸರು. ಅಂಥ ದಾನದ ಪರಂಪರೆಯವರಾದ ನಾವು ಈಗ ಒಂದು ಬೀಸಣಿಗೆ ಕೊಟ್ಟರೂ ಅದರ ಮೂರು ರೆಕ್ಕೆಗಳ ಮೇಲೆ ಹೆಸರು ಬರೆಯಿಸುತ್ತೇವೆ; ಬೇಸಿಗೆಯಲ್ಲಿ ಅದು ತಿರುಗುವಾಗ ಯಾರಿಗೂ ಓದಲಾಗುವುದಿಲ್ಲ ಎಂಬುದಷ್ಟೇ ಸಮಾಧಾನ. ಕೇಂಬ್ರಿಜ್‌ನ ಕಾಲೇಜುಗಳಲ್ಲಿ ದಾನಿಗಳ ಹೆಸರುಗಳನ್ನು ವರ್ಷಕ್ಕೊಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ನೆನೆಯುವ ಪದ್ಧತಿಯಿದೆ. ನಮ್ಮ ಪ್ರಸಾದ ನಿಲಯಗಳಲ್ಲಿ ಮಕ್ಕಳು ಪಂಕ್ತಿಗೆ ಕುಳಿತಾಗ ಅದನ್ನು ಮಾಡಲು ಖರ್ಚೇನೂ ಇಲ್ಲ.

ಸಿಡ್ನಿಯ ತಾಯಿಯ ಕಥೆಯನ್ನು ನಾವು ಆ ಮುದುಕಿಗೆ ಹೇಳಿದೆವು. ಕಾಲೇಜಿನ ಹೆಸರು, ಊರಿನ ಹೆಸರು ಆಕೆಗೆ ಬೇಕಾಗಲಿಲ್ಲ. “ಆಕಿಗೂ ಮಕ್ಕಳಿರಲಿಲ್ಲೇನ್ರೀ?” ಎಂದು ಎರಡು ಸಲ ಕೇಳಿದಳು. ಹಣ ಸಾಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಆಕೆ ಮೊದಲೇ ಬರೆದಿಟ್ಟ ಸಂಗತಿ ಮಾತ್ರ ಮನಸ್ಸಿಗೆ ನಾಟಿತು.

ಕಾರ್ತಿಕ ಮಾಸದಲ್ಲಿ ಮೃತ್ಯುಪತ್ರ ನೋಂದಣಿಯಾಯಿತು. ಅದನ್ನು ನಡೆಯಿಸುವ ಹೊಣೆಯನ್ನು ಹೈಸ್ಕೂಲಿನ ಒಬ್ಬ ಅಕ್ಕೋರಿಗೂ, ಮೈದುನನ ಹಿರಿಯ ಮಗನಿಗೂ ಒಪ್ಪಿಸಿದ್ದಾಳೆ. ಅವನನ್ನು ಸೇರಿಸುವುದು ಬೇಡವೆಂದು ವಕೀಲರು ಹೇಳಿದರು. ಹೊರಗಿಟ್ಟರೆ ಕೋರ್ಟಿಗೆ ಹೋಗುತ್ತಾನೆ, ಒಳಗಿಟ್ಟರೆ ನಾಚಿಕೆಗಾದರೂ ಮಾಡುತ್ತಾನೆ ಎಂದು ಆಕೆಯ ವಾದ. ಎರಡೆಕರೆ ಅವನ ಮನೆಗೇ ಬಿಟ್ಟಿದ್ದಾಳೆ. ಉಳಿದ ಒಂಬತ್ತೆಕರೆ ಪ್ರಸಾದ ನಿಲಯಕ್ಕೆ. ಕಟ್ಟಡ ಏಳದೆ ಹೋದರೆ ಅದರ ಉತ್ಪನ್ನದಿಂದ ತಾಲೂಕಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳ ಮುಂದಿನ ಓದಿನ ವೆಚ್ಚ ನಡೆಯಬೇಕು, ಲೆಕ್ಕದಲ್ಲಿ ಚುರುಕಾದವರಿಗೆ ಮೊದಲು ಕೊಡಬೇಕು ಎಂದು ಬರೆಯಿಸಿದ್ದಾಳೆ. ಕೊನೆಯ ಮಾತು, ನಾವು ಹೇಳಿದ ನವಲಗುಂದ ಕಡೆಯ ಅಕ್ಕನ ಸಂಗತಿಯನ್ನು ಕೇಳಿದ ಮೇಲೆ ಆಕೆಯೇ ಸೇರಿಸಿದ್ದು.